ಮಗಳ ಕಾಲೇಜ್ ಸಾಕರ್ ರಿಕ್ರೂಟಿಂಗ್: ಡಿವಿಜನ್ ನಂಬರ್ ಬಿಟ್ಟು ರೋಸ್ಟರ್ ಓದಿದ ನನ್ನ ಅನುಭವ

ಮಗಳು ಡಿವಿಜನ್ 3 ಕಾಲೇಜಲ್ಲಿ ಸಾಕರ್ ಆಡ್ತಾಳೆ ಅಂದ ತಕ್ಷಣ ಎದುರಿಗಿರೋರ ಮುಖದಲ್ಲಿ "ಓ, ಮೂರನೇ ದರ್ಜೆನಾ" ಅನ್ನೋದು ಕಾಣಿಸಿಬಿಡುತ್ತೆ. ಮೈಸೂರಿಂದ ನಮ್ಮತ್ತಿಗೆ ಫೋನ್ ಮಾಡಿದ್ರೆ "ಸ್ಪೋರ್ಟ್ಸ್ ಕೋಟಾ ಸೀಟೇನೇ?" ಅಂತಾರೆ. ಇಲ್ಲಿ ಬೇ ಏರಿಯಾದಲ್ಲಿ ಕನ್ನಡ ಕೂಟದ ಊಟದಲ್ಲಿ ಸಿಕ್ಕಿದವರು "ಸ್ಟ್ಯಾನ್‌ಫರ್ಡ್ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಗೆ ಹಾಕ್ಬೇಕಿತ್ತು" ಅಂತ ಬಹಳ ಸುಲಭವಾಗಿ ಹೇಳ್ತಾರೆ. ಈಗ ಹೈಸ್ಕೂಲಲ್ಲಿ ಮಕ್ಕಳಿರೋ ಮೂರ್ನಾಲ್ಕು ಜನ ಕೇಳ್ತಾನೇ ಇದ್ದಾರೆ, ಕಾಲೇಜ್ ಟೀಮಿಗೆ ಆಯ್ಕೆ ಆಗೋ ಈ ರಿಕ್ರೂಟಿಂಗ್‌ನ ನೀವು ಹೇಗೆ ಮಾಡಿದ್ರಿ ಬರೀರಿ ಅಂತ, ಅದಕ್ಕೆ ಬರೀತಾ ಇದೀನಿ.

ಮೊದಲು ಅಂಗಡಿಯಲ್ಲಿ ಏನೇನಿದೆ ಅಂತ ಹೇಳಿಬಿಡ್ತೀನಿ. ಕಾಲೇಜ್ ಆಟಗಳನ್ನ ನಡೆಸೋ ದೊಡ್ಡ ಸಂಸ್ಥೆ ಎನ್‌ಸಿಎಎನಲ್ಲಿ ಮೂರು ಡಿವಿಜನ್ (ಡಿ1, ಡಿ2, ಡಿ3), ಅದರ ಹೊರಗೆ ಎನ್‌ಎಐಎ ಅಂತ ಬೇರೆ ಸಂಸ್ಥೆ, ಆಮೇಲೆ ಎರಡು ವರ್ಷದ ಜೂನಿಯರ್ ಕಾಲೇಜ್‌ಗಳು, ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜ್‌ಗಳಿಗೆ ಮತ್ತೆ ಅವುಗಳದೇ ಬೇರೆ ಸಂಘ. ಡಿ1ನಲ್ಲೇ ಹೆಣ್ಣುಮಕ್ಕಳ ಸಾಕರ್ ಟೀಮು ಸುಮಾರು 350 ಇವೆ, ಡಿ3ನಲ್ಲಿ 400ರ ಮೇಲೆ. ಗಂಡುಮಕ್ಕಳ ಡಿ1 ಸಾಕರ್ ಟೀಮು ಸುಮಾರು 200 ಮಾತ್ರ. ಯಾಕೆ ಹೀಗೆ ಅಂದ್ರೆ 1972ರ ಟೈಟಲ್ ನೈನ್ ಕಾನೂನು: ಅಮೆರಿಕನ್ ಫುಟ್‌ಬಾಲ್‌ಗೆ ನೂರು ಹುಡುಗರನ್ನ ಇಟ್ಕೊಂಡ ಕಾಲೇಜು ಹೆಣ್ಣುಮಕ್ಕಳಿಗೂ ಆ ಲೆಕ್ಕದಲ್ಲಿ ಜಾಗ ತೋರಿಸ್ಬೇಕು, ದೊಡ್ಡ ಟೀಮ್ ಬೇಕಾಗೋ ಸಾಕರ್ ಅದಕ್ಕೆ ಸರಿಹೋಯ್ತು.

ಅಂದ್ರೆ ಡಿ1 ಅನ್ನೋ ಒಂದೇ ಹೆಸರಿನ ಕೆಳಗೆ 22 ಸಲ ಎನ್‌ಸಿಎಎ ಚಾಂಪಿಯನ್ ಆಗಿರೋ ನಾರ್ತ್ ಕ್ಯಾರೊಲೈನಾನೂ ಇದೆ, ವರ್ಷಕ್ಕೆ ಎರಡು ಮ್ಯಾಚ್ ಗೆಲ್ಲೋಕೆ ಒದ್ದಾಡೋ ಟೀಮೂ ಇದೆ. ಹಾಗಾಗಿ "ಯಾವ ಡಿವಿಜನ್" ಅನ್ನೋ ಪ್ರಶ್ನೆಯಿಂದ ಲೆವೆಲ್ ಗೊತ್ತಾಗಲ್ಲ. ಒಳ್ಳೆ ಡಿ3 ಟೀಮು, ಉದಾಹರಣೆಗೆ 2022ರಲ್ಲಿ ಡಿ3 ಗೆದ್ದ ಜಾನ್ಸ್ ಹಾಪ್ಕಿನ್ಸ್ ಅಥವಾ 2023ರಲ್ಲಿ ಗೆದ್ದ ನಮ್ಮ ಕ್ಯಾಲಿಫೋರ್ನಿಯಾದ್ದೇ ಕ್ಯಾಲ್ ಲೂಥರನ್, ಇವರ ಆಟ ನೋಡಿ ಆಮೇಲೆ ಡಿ1ನ ತಳದ ಟೀಮಿನ ಒಂದು ಮ್ಯಾಚ್ ಹಾಕ್ಕೊಂಡು ನೋಡಿ, ನಾನು ಹೇಳೋದು ಅರ್ಥ ಆಗುತ್ತೆ.

ನಮ್ಮವಳು ಲೆಫ್ಟ್ ಬ್ಯಾಕ್, ಅಂದ್ರೆ ಎಡಗಡೆ ಅಂಚಿನ ಡಿಫೆಂಡರ್. ಇಸಿಎನ್‌ಎಲ್ ಕ್ಲಬ್ಬಲ್ಲಿ ಆಡ್ತಿದ್ಲು, ಸ್ಟಾರ್ ಏನಲ್ಲ, ಆದ್ರೆ ಎಡಗಾಲು ಚೆನ್ನಾಗಿತ್ತು, ಎಡಗಾಲಿನವರು ಕಮ್ಮಿ ಇರೋದ್ರಿಂದ ಕೋಚ್‌ಗಳ ಕಣ್ಣು ಬೀಳುತ್ತೆ. (ಇಸಿಎನ್‌ಎಲ್ 2009ರಲ್ಲಿ ಶುರುವಾದ ಯೂತ್ ಕ್ಲಬ್‌ಗಳ ಲೀಗು, ಇನ್ನೊಂದು ದೊಡ್ಡದು ಗರ್ಲ್ಸ್ ಅಕಾಡೆಮಿ (ಜಿಎ), 2020ರಲ್ಲಿ ಯುಎಸ್ ಸಾಕರ್ ತನ್ನ ಡೆವಲಪ್ಮೆಂಟ್ ಅಕಾಡೆಮಿ ಮುಚ್ಚಿದ ಮೇಲೆ ಹುಟ್ಟಿದ್ದು. ಕಾಲೇಜ್ ಕೋಚ್‌ಗಳು ಹೆಚ್ಚಾಗಿ ಬಂದು ನಿಲ್ಲೋದು ಇವೆರಡರ ಶೋಕೇಸ್ ಟೂರ್ನಮೆಂಟ್‌ಗಳಲ್ಲೇ.)

ನಾನು ಮಾಡಿದ ಮುಖ್ಯ ಕೆಲಸ ರೋಸ್ಟರ್, ಅಂದ್ರೆ ಟೀಮಿನ ಆಟಗಾರ್ತಿಯರ ಪಟ್ಟಿ, ಓದೋದು. ಪ್ರತಿ ಕಾಲೇಜಿನ ಅಥ್ಲೆಟಿಕ್ಸ್ ಪೇಜಲ್ಲಿ ರೋಸ್ಟರ್ ಇರುತ್ತೆ, ಹುಡುಗಿ ಯಾವ ವರ್ಷ, ಎತ್ತರ ಎಷ್ಟು, ಯಾವ ಊರು, ಯಾವ ಕ್ಲಬ್ಬಿಂದ ಬಂದ್ಲು, ಬೇರೆ ಕಾಲೇಜಿಂದ ಟ್ರಾನ್ಸ್‌ಫರ್ ಆಗಿದ್ರೆ ಅದೂ. ಪಕ್ಕದಲ್ಲೇ ಬಾಕ್ಸ್ ಸ್ಕೋರ್, ಪ್ರತಿ ಮ್ಯಾಚಲ್ಲಿ ಯಾರು ಎಷ್ಟು ನಿಮಿಷ ಆಡಿದ್ರು ಅನ್ನೋ ಲೆಕ್ಕ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ರೆ ಒಂದು ಕಾಲೇಜಿಗೆ ಅರ್ಧ ಗಂಟೆ ಹಿಡಿಯೋದು, ನಮ್ಮನೆಯವರು "ಇಷ್ಟು ಓದಿದ್ರೆ ನೀನೇ ಐಎಎಸ್ ಪಾಸಾಗ್ತಿದ್ದೆ" ಅಂತ ಆಡ್ಕೊಳ್ಳೋರು. ನೋಡ್ತಿದ್ದಿದ್ದು ಏನು ಅಂದ್ರೆ, ನಮ್ಮ ಹುಡುಗಿ ಸೇರೋ ವರ್ಷಕ್ಕೆ ಡಿಫೆಂಡರ್‌ಗಳಲ್ಲಿ ಯಾರು ಗ್ರಾಜುಯೇಟ್ ಆಗಿ ಹೋಗಿರ್ತಾರೆ, ಯಾರು ಉಳಿದಿರ್ತಾರೆ, ಉಳಿಯೋರಲ್ಲಿ ಸ್ಟಾರ್ಟರ್ (ಮೊದಲ ಹನ್ನೊಂದರಲ್ಲಿ ಆಡೋರು) ಎಷ್ಟು ಜನ. ಆಮೇಲೆ ಫ್ರೆಶ್‌ಮನ್, ಅಂದ್ರೆ ಮೊದಲ ವರ್ಷದ ಹುಡುಗಿಯರಿಗೆ ಎಷ್ಟು ನಿಮಿಷ ಆಟ ಸಿಗ್ತಾ ಇದೆ. ಒಂದು ದೊಡ್ಡ ಡಿ1 ಟೀಮಲ್ಲಿ ನೋಡಿದ್ರೆ ಎರಡು ವರ್ಷದಿಂದ ಅಂಚಿನ ಡಿಫೆಂಡರ್ (ಔಟ್‌ಸೈಡ್ ಬ್ಯಾಕ್) ಜಾಗಕ್ಕೆ ಹೈಸ್ಕೂಲಿಂದ ಯಾರನ್ನೂ ತಗೊಂಡೇ ಇಲ್ಲ, ಎಲ್ಲಾ ಟ್ರಾನ್ಸ್‌ಫರ್ ಪೋರ್ಟಲಿಂದ ಬಂದ 21, 22 ವರ್ಷದವರು. ಕಾಲೇಜ್ ಬದಲಾಯಿಸೋ ಆಟಗಾರರು ಹೆಸರು ಹಾಕೋ ಈ ಪೋರ್ಟಲ್ 2018ರಲ್ಲಿ ಬಂತು, ಕೋವಿಡ್ ಟೈಮಲ್ಲಿ ಎಲ್ಲರಿಗೂ ಆಡೋಕೆ ಒಂದು ವರ್ಷ ಎಕ್ಸ್ಟ್ರಾ ಕೊಟ್ರು, ಆವಾಗಿಂದ ಕೋಚ್‌ಗೆ ಅನಿಸೋದು ಸಹಜ, 17ರ ಹುಡುಗಿನ ಬೆಳೆಸೋದ್ಯಾಕೆ, ತಯಾರಾಗಿರೋಳು ಸಿಗ್ತಾಳಲ್ಲ ಅಂತ. ಆ ಕಾಲೇಜಿಂದ ಎಷ್ಟೇ ಮೇಲ್ ಬಂದ್ರೂ ನಾನು ಕಾಲೇಜ್‌ಗಳ ಲಿಸ್ಟ್ ಹಾಕಿದ್ದ ಶೀಟಲ್ಲಿ ಕೆಂಪು ಮಾಡಿಬಿಟ್ಟೆ.

ಡಿ3 ರೋಸ್ಟರಲ್ಲಿ ಇನ್ನೊಂದು ಸುಳಿವು ಸಿಗುತ್ತೆ. ಮುಕ್ಕಾಲು ಪಾಲು ಹುಡುಗಿಯರು ಇಸಿಎನ್‌ಎಲ್, ಜಿಎಯಿಂದಲೇ ಬಂದಿದ್ರೆ, ಡಿ1 ಬಿಟ್ಟು ಬಂದವರೂ ಒಬ್ಬಿಬ್ಬರು ಇದ್ರೆ, ಅದು ಗಟ್ಟಿ ಟೀಮ್ ಅಂತಲೇ ಲೆಕ್ಕ.

ಆಮೇಲೆ ಪೂರ್ತಿ ಮ್ಯಾಚ್ ನೋಡೋದು, ಹೈಲೈಟ್ಸ್ ಅಲ್ಲ. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ತಲೆಗೆ ಹೋಗಲ್ಲ. ಕಾಲೇಜ್ ಸಾಕರಲ್ಲಿ ಸಬ್‌ಸ್ಟಿಟ್ಯೂಷನ್ ರೂಲ್ ಟಿವಿಯಲ್ಲಿ ನೋಡೋ ವರ್ಲ್ಡ್ ಕಪ್ ಥರ ಅಲ್ಲ: ಮೊದಲ ಹಾಫಲ್ಲಿ ಹೊರಗೆ ಹೋದವಳು ಆ ಹಾಫಲ್ಲಿ ವಾಪಸ್ ಬರೋ ಹಾಗಿಲ್ಲ, ಆದ್ರೆ ಎರಡನೇ ಹಾಫಿಗೆ ಬರಬಹುದು, ಅದರಲ್ಲಿ ಹೊರಗೆ ಹೋದ್ರೂ ಮತ್ತೊಂದು ಸಲ ಒಳಗೆ ಬರಬಹುದು. ಹಾಗಾಗಿ ದೊಡ್ಡ ಟೀಮಿನ ಕೋಚ್ 25ನೇ ನಿಮಿಷದ ಹೊತ್ತಿಗೆ ಮುಂದುಗಡೆ ಆಡೋ ಮೂರೂ ಜನರನ್ನ ಒಟ್ಟಿಗೆ ಬದಲಾಯಿಸಿಬಿಡ್ತಾರೆ. ನಮ್ಮವಳ ಥರ ಪೂರ್ತಿ 90 ನಿಮಿಷ ನಿಲ್ಲೋ ಲೆಫ್ಟ್ ಬ್ಯಾಕ್‌ಗೆ, ಒಬ್ಬ ವಿಂಗರ್ ಸುಸ್ತಾದ್ಲು ಅನ್ನೋಷ್ಟರಲ್ಲಿ ಅಷ್ಟೇ ಜೋರಾಗಿ ಓಡೋ ಇನ್ನೊಬ್ಬಳು ಎದುರಿಗೆ. ನನ್ನ ಕಣ್ಣಿಗೆ ಲೆವೆಲ್ ವ್ಯತ್ಯಾಸ ಕಾಣಿಸಿದ್ದೇ ಇಲ್ಲಿ. ಮೊದಲ ಹನ್ನೊಂದು ಜನ ನೋಡಿದ್ರೆ ಮಧ್ಯಮ ಡಿ1ಗೂ ಒಳ್ಳೆ ಡಿ3ಗೂ ಅಂಥ ದೂರ ಇಲ್ಲ, ಬೆಂಚಿಂದ ಎದ್ದು ಬರೋ ಹದಿನಾಲ್ಕನೇಯವಳು, ಹದಿನಾರನೇಯವಳು ಹೇಗಿದ್ದಾಳೆ ಅಂತ ನೋಡಿದ್ರೆ ದೂರ ಗೊತ್ತಾಗುತ್ತೆ. ಮೇಲಿನ ಕಾನ್ಫರೆನ್ಸ್‌ಗಳಲ್ಲಿ (ತಮ್ಮತಮ್ಮಲ್ಲೇ ಲೀಗ್ ಆಡೋ ಕಾಲೇಜ್‌ಗಳ ಗುಂಪು) ಅವಳೂ ಯಾವುದೋ ದೇಶದ ಯೂತ್ ನ್ಯಾಷನಲ್ ಟೀಮಿನವಳಾಗಿರ್ತಾಳೆ. ಮಗಳ ಜೊತೆ ಕೂತು ದೊಡ್ಡ ಡಿ1 ಟೀಮಾದ ಯುಸಿಎಲ್‌ಎದು ಒಂದು ಮ್ಯಾಚ್ ನೋಡ್ತಾ ಇದ್ದಾಗ ಅವಳೇ ಹೇಳಿದ್ಲು, "ಅಮ್ಮಾ, ಅಲ್ಲಿ ನಾನು ನಾಲ್ಕು ವರ್ಷ ಬಿಬ್ ಹಾಕ್ಕೊಂಡು ಬೆಂಚಲ್ಲಿ ಕೂತಿರ್ತೀನಿ." ಬೇಜಾರಿಂದ ಹೇಳಿದ್ದಲ್ಲ, ಪಾಪ್‌ಕಾರ್ನ್ ತಿಂತಾ ಹೇಳಿದ್ದು.

ಇನ್ನು ರಿಕ್ರೂಟಿಂಗ್. ಡಿ1 ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿದ ಮೇಲೆ ಬರೋ ಜೂನ್ 15ರವರೆಗೆ ಹುಡುಗಿ ಜೊತೆ ರಿಕ್ರೂಟಿಂಗ್ ಮಾತಾಡೋ ಹಾಗಿಲ್ಲ. ಕಾಲೇಜ್ ಖರ್ಚಲ್ಲಿ ಕರೆಸಿ ತೋರಿಸೋ ಅಫಿಷಿಯಲ್ ವಿಸಿಟ್ ಆ ವರ್ಷದ ಆಗಸ್ಟ್ 1ರಿಂದ. ಈ ರೂಲು 2019ರಲ್ಲಿ ಬಂದಿದ್ದು, ಅದಕ್ಕೆ ಮುಂಚೆ ಎಂಟನೇ ಕ್ಲಾಸ್ ಮಕ್ಕಳು ಇದೇ ಕಾಲೇಜಿಗೆ ಬರ್ತೀವಿ ಅಂತ ಕಮಿಟ್ ಆಗ್ತಿದ್ರಂತೆ, ಯಾವ ಕಾಲ ನೋಡಿ. ಜೂನ್ 15ಕ್ಕೆ ಮುಂಚೆ ನಾವು ಎಷ್ಟು ಮೇಲ್ ಕಳಿಸಿದ್ರೂ ಅವರು ವಾಪಸ್ ಕಳಿಸಬಹುದಾದ್ದು ಹೆಚ್ಚಂದ್ರೆ ಒಂದು ಫಾರಂ, ಇಲ್ಲಾ ದುಡ್ಡು ಕಟ್ಟಿ ಹೋಗೋ ಅವರ ಟ್ರೈನಿಂಗ್ ಕ್ಯಾಂಪಿನ ಜಾಹೀರಾತು. ಆ ಕ್ಯಾಂಪ್ ಮೇಲ್ ನೋಡಿ "ಕೋಚ್ ಕರೆದ್ರು" ಅಂತ ಫ್ಲೈಟ್ ಬುಕ್ ಮಾಡೋರು ಬಹಳ ಜನ. ನಾವು ಇಟ್ಕೊಂಡ ನಿಯಮ ಇಷ್ಟೇ: ಮೇಲಲ್ಲಿ ಅವಳ ಯಾವುದಾದ್ರೂ ಮ್ಯಾಚಿನ ಬಗ್ಗೆ ಒಂದು ವಾಕ್ಯ ಇದ್ರೆ, ಅಥವಾ ಕೋಚು ಕ್ಲಬ್ ಕೋಚ್‌ಗೆ ಫೋನ್ ಮಾಡಿ ವಿಚಾರಿಸಿದ್ರೆ ಮಾತ್ರ ಕ್ಯಾಂಪಿಗೆ ದುಡ್ಡು.

ಜೂನ್ 15 ಬಂತು, ಫೋನ್‌ಗಳೂ ಬಂದ್ವು, ಅವಳ ಟೀಮಿನ ಸ್ಟ್ರೈಕರ್‌ಗೆ ಬಂದಷ್ಟಲ್ಲ. ಕೋಚ್‌ಗಳು ಬಹಳ ಸವಿಯಾಗಿ ಮಾತಾಡ್ತಾರೆ. ನಮ್ಮ ಕಡೆ ಹೆಣ್ಣು ನೋಡೋಕೆ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು "ಊರಿಗೆ ಹೋಗಿ ಕಾಗದ ಬರೀತೀವಿ" ಅಂತ ಹೋಗೋರಿರ್ತಾರಲ್ಲ, ಅದೇ ರಾಗ. ಅದಕ್ಕೆ ಮಗಳಿಗೆ ಒಂದು ಪ್ರಶ್ನೆ ಅಭ್ಯಾಸ ಮಾಡಿಸಿದ್ವಿ: "ನನ್ನ ವರ್ಷದಲ್ಲಿ ಎಷ್ಟು ಔಟ್‌ಸೈಡ್ ಬ್ಯಾಕ್ ತಗೋತೀರಾ, ಆ ಲಿಸ್ಟಲ್ಲಿ ನಾನು ಎಷ್ಟನೇಯವಳು?" ಊಟದ ಟೇಬಲ್ ಮೇಲೆ ಸ್ಪೀಕರ್ ಹಾಕಿ ನಾವಿಬ್ಬರೂ ಉಸಿರು ಬಿಗಿ ಹಿಡ್ಕೊಂಡು ಕೂತಿದ್ವಿ. ಒಬ್ಬ ಕೋಚ್ "ನಿನ್ನ ಎನರ್ಜಿ ನಮಗೆ ತುಂಬಾ ಇಷ್ಟ, ಜುಲೈನಲ್ಲಿ ಕ್ಯಾಂಪಿಗೆ ಬಾ" ಅಂದ್ರು. ಇನ್ನೊಬ್ಬಾಕೆ ಸ್ವಲ್ಪ ತಡೆದು, "ಒಬ್ಬರನ್ನ ತಗೋತೀವಿ, ನೀನು ಮೂರನೇಯವಳು, ಮೊದಲಿಬ್ಬರು ಸೆಪ್ಟೆಂಬರ್ ಒಳಗೆ ಉತ್ತರ ಹೇಳ್ಬೇಕು" ಅಂದ್ರು. ಮಗಳಿಗೆ ಆಕೆ ಬಹಳ ಹಿಡಿಸಿದ್ರು. ಅಲ್ಲಿ ಸೀಟ್ ಆಗಲಿಲ್ಲ, ಆ ಮಾತು ಬೇರೆ, ಆದ್ರೆ ಆಗಲ್ಲ ಅಂತ ಸೆಪ್ಟೆಂಬರಲ್ಲೇ ಅವರೇ ಫೋನ್ ಮಾಡಿ ಹೇಳಿದ್ರು.

ದುಡ್ಡಿನ ಮಾತು. ಊರಲ್ಲಿ ಎಲ್ಲರೂ ಅಂದ್ಕೊಳ್ಳೋದು ಡಿ1 ಅಂದ್ರೆ ಫುಲ್ ಫ್ರೀ ಅಂತ. ಹೆಣ್ಣುಮಕ್ಕಳ ಸಾಕರ್‌ಗೆ ಡಿ1ನಲ್ಲಿ ಹಳೇ ಮಿತಿ ಒಂದು ಟೀಮಿಗೆ 14 ಪೂರ್ತಿ ಸ್ಕಾಲರ್‌ಶಿಪ್, ಅದನ್ನೇ ಒಡೆದು ಹಂಚೋದು, 28 ಜನ ಇದ್ರೆ ಸರಾಸರಿ ಅರ್ಧರ್ಧ. ಗೋಲ್‌ಕೀಪರ್‌ಗೂ ಗೋಲ್ ಹೊಡೆಯೋಳಿಗೂ ಜಾಸ್ತಿ ಹೋದ್ರೆ ಲೆಫ್ಟ್ ಬ್ಯಾಕ್‌ಗೆ ಉಳಿಯೋದೆಷ್ಟು ನೀವೇ ಲೆಕ್ಕ ಹಾಕಿ. ಡಿ2ಗೆ 9.9. ಡಿ3ಗೂ ಹಾರ್ವರ್ಡ್, ಯೇಲ್ ಇರೋ ಐವಿ ಲೀಗ್‌ಗೂ ಆಟದ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. 2025ರ ಜೂನ್‌ನಲ್ಲಿ, ಕಾಲೇಜ್ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸಿನ ಸೆಟ್ಲ್‌ಮೆಂಟ್ ಒಪ್ಪಿಗೆ ಆದ ಮೇಲೆ ಅದಕ್ಕೆ ಸೇರಿದ ಕಾಲೇಜ್‌ಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಯ್ತು, ಬದಲಿಗೆ ರೋಸ್ಟರ್ 28ಕ್ಕೇ ನಿಲ್ಲಬೇಕು, ಹಾಗಾಗಿ ಮೊದಲು 32, 34 ಜನ ಇಟ್ಕೊಳ್ತಿದ್ದ ಕಡೆ ದುಡ್ಡು ಇಲ್ಲದೆ ಸೇರ್ಕೊಳ್ಳೋ ವಾಕ್ ಆನ್ ಹುಡುಗಿಯರ ಜಾಗ ಹೋಯ್ತು. ಕೋಚ್‌ನ ಮೊದಲೇ ಕೇಳಿ, ನಿಮ್ಮ ಕಾಲೇಜ್ ಸೇರಿದೆಯೋ ಇಲ್ವೋ ಅಂತ.

ನಮಗೆ ಬಂದ ಒಂದು ಡಿ1 ಆಫರು ಬೇರೆ ರಾಜ್ಯದ ಪ್ರೈವೇಟ್ ಕಾಲೇಜು, ಕಾಲು ಭಾಗ ಸ್ಕಾಲರ್‌ಶಿಪ್, ವರ್ಷಕ್ಕೆ 80 ಸಾವಿರ ಡಾಲರಲ್ಲಿ 60 ನಮ್ಮ ತಲೆ ಮೇಲೆ. ಡಿ3 ಕಾಲೇಜ್ 85 ಸಾವಿರ, ಅವರು ಮಾರ್ಕ್ಸ್ ನೋಡಿ ಕೊಟ್ಟ ಮೆರಿಟ್ ಸ್ಕಾಲರ್‌ಶಿಪ್ 30. ಇಲ್ಲಿ ಇನ್ನೊಂದು ಸಮಾಧಾನ ಇದೆ, ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದು ಆಟ ನಿಂತ್ರೂ ಮೆರಿಟ್ ದುಡ್ಡು ನಿಲ್ಲಲ್ಲ. ಹೆಣ್ಣುಮಕ್ಕಳ ಸಾಕರಲ್ಲಿ ಎಸಿಎಲ್ ಎಷ್ಟು ಸಾಮಾನ್ಯ ಅಂತ ಸೈಡ್‌ಲೈನಲ್ಲಿ ನಾಲ್ಕು ವರ್ಷ ಕೂತ ಯಾವ ತಾಯಿನ ಬೇಕಾದ್ರೂ ಕೇಳಿ.

ಡಿ3 ದಾರಿ ಬೇರೆ ಥರ ನಡೆಯುತ್ತೆ, ನಿಧಾನ. ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಪ್ರಿ-ರೀಡ್ ಅಂತ ಮಾಡ್ತಾರೆ, ಟ್ರಾನ್ಸ್‌ಕ್ರಿಪ್ಟ್, ಹನ್ನೆರಡನೇ ಕ್ಲಾಸಲ್ಲಿ ತಗೊಳ್ಳೋ ಸಬ್ಜೆಕ್ಟ್ ಲಿಸ್ಟ್, ಎಸ್‌ಎಟಿ ಥರದ ಪರೀಕ್ಷೆ ಸ್ಕೋರ್ ಇದ್ರೆ ಸ್ಕೋರು, ಎಲ್ಲಾ ಕೋಚ್‌ಗೆ ಕಳಿಸಿದ್ರೆ ಅವರು ಅಡ್ಮಿಷನ್ ಆಫೀಸಿಗೆ ಕೊಟ್ಟು ಆಗುತ್ತಾ ಆಗಲ್ವಾ ಅಂತ ಅಂದಾಜು ತರಿಸ್ತಾರೆ. ಹೂಂ ಅಂದ್ರೆ ಕೋಚ್ ಬೆಂಬಲ ಕೊಡ್ತಾರೆ, ಹುಡುಗಿ ನವೆಂಬರಲ್ಲಿ ಅರ್ಲಿ ಡಿಸಿಷನ್ ಹಾಕ್ಬೇಕು, ಸಿಕ್ಕರೆ ಸೇರಲೇಬೇಕು. ಸಹಿ ಹಾಕೋ ಪತ್ರ ಗಿತ್ರ ಏನಿಲ್ಲ, ಅಡ್ಮಿಷನ್ ಲೆಟರ್ ಬರೋವರೆಗೂ ಎಲ್ಲಾ ಬಾಯಿ ಮಾತೇ, ಆ ಐದಾರು ವಾರ ನಮ್ಮನೇಲಿ ಯಾರೂ ನೆಟ್ಟಗೆ ಮಾತಾಡಿಲ್ಲ. ಆದ್ರೆ ನಮ್ಮ ಮಕ್ಕಳು ಓದಲ್ಲಿ ಮುಂದಿರೋದಕ್ಕೆ ಬೆಲೆ ಬರೋದು ಇಲ್ಲೇ, ಪ್ರಿ-ರೀಡ್ ಸುಲಭವಾಗಿ ಪಾಸಾಗೋ ಹುಡುಗಿ ಅಂದ್ರೆ ಕೋಚ್‌ಗೆ ಒಂದು ತಲೆನೋವು ಕಮ್ಮಿ.

ಅವಳು ಈಗ ಆಡ್ತಿರೋ ಟೀಮಲ್ಲಿ ಫ್ರೆಶ್‌ಮನ್ ವರ್ಷದಲ್ಲೇ ಆಟ ಸಿಕ್ತು, ಕೆಮಿಸ್ಟ್ರಿ ಲ್ಯಾಬು ಪ್ರಾಕ್ಟೀಸು ಒಂದೇ ಟೈಮಿಗೆ ಬಂದ್ರೆ ಕೋಚು ಲ್ಯಾಬಿಗೆ ಹೋಗು ಅಂತಾರೆ. ಅವಳ ಕ್ಲಬ್ ಗೆಳತಿ ಹೋಗಿರೋ ಡಿ1 ಕಾಲೇಜು, 2024ರಲ್ಲಿ ಪಶ್ಚಿಮದ ಕಾಲೇಜ್‌ಗಳ ಪ್ಯಾಕ್-12 ಕಾನ್ಫರೆನ್ಸ್ ಒಡೆದ ಮೇಲೆ, ಕಾನ್ಫರೆನ್ಸ್ ಮ್ಯಾಚಿಗೇ ದೇಶದ ಆ ತುದಿಗೆ ಹಾರುತ್ತೆ, ಅವಳಿಗೆ ಅದೇ ಖುಷಿ, ಏರ್‌ಪೋರ್ಟಲ್ಲಿ ಕೂತು ಹೋಮ್‌ವರ್ಕ್ ಮಾಡೋ ಫೋಟೋ ಹಾಕ್ತಾ ಇರ್ತಾಳೆ.

ಚಿಕ್ಕ ಮಕ್ಕಳಿರೋರಿಗೆ ಇನ್ನೊಂದು ಮಾತು. 2026-27 ಸೀಸನ್ನಿಂದ ಇಸಿಎನ್‌ಎಲ್, ಯುಎಸ್ ಯೂತ್ ಸಾಕರ್ ಎಲ್ಲಾ ವಯಸ್ಸಿನ ಲೆಕ್ಕವನ್ನ ಜನವರಿ ಬದಲು ಆಗಸ್ಟ್ 1ಕ್ಕೆ ಬದಲಾಯಿಸ್ತಾ ಇವೆ. ಆಗಸ್ಟ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದ ಹುಡುಗಿಯಾಗಿದ್ರೆ ಅವಳ ಟೀಮೇ ಬದಲಾಗಬಹುದು. ಟ್ರೈಔಟಿಗೆ ಮುಂಚೆ ಕ್ಲಬ್ಬಿನವರ ಹತ್ರ ಕೂತು, ಅವಳ ಗ್ರಾಜುಯೇಷನ್ ವರ್ಷದ ಹುಡುಗಿಯರೆಲ್ಲ ಯಾವ ಟೀಮಲ್ಲಿ ಇರ್ತಾರೆ ಅಂತ ಕೇಳಿಕೊಳ್ಳಿ, ಕಾಲೇಜ್ ಕೋಚ್‌ಗಳು ಶೋಕೇಸಲ್ಲಿ ಹುಡುಕೋದು ಆ ವರ್ಷವನ್ನೇ.