ಚೀಟಿ ಎತ್ತಿದ ಮೇಲೆ ಸಿಗುವ ಒಂದು ನಿಮಿಷ

ಕೊಡಗಿನ ಸೋಮವಾರಪೇಟೆ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಬಂತು ಅಂದರೆ, ಚೀಟಿಯಲ್ಲಿ ಬಂದ ವಿಷಯದ ಮೇಲೆ ಅಲ್ಲೇ ಮಾತಾಡುವ ಆಶುಭಾಷಣಕ್ಕೆ ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ವಿಷಯ ಗೊತ್ತಿಲ್ಲದೆ ಸೋಲುವ ಮಕ್ಕಳು ಕಡಿಮೆ. ಚೀಟಿ ಎತ್ತಿದ ಮೇಲೆ ಸಿಗುವ ಒಂದೆರಡು ನಿಮಿಷದಲ್ಲಿ ದೊಡ್ಡ ದೊಡ್ಡ ಮಾತು ಹುಡುಕಲು ಹೋಗಿ ಸೋಲುವವರೇ ಜಾಸ್ತಿ.

ಆ ಹೊತ್ತಿನಲ್ಲಿ ಹುಡುಕಬೇಕಾದ್ದು ಒಂದೇ. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಏನು?

ಎರಡು ವರ್ಷದ ಹಿಂದೆ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಅಭ್ಯಾಸದ ದಿನ 'ಮಳೆ' ಚೀಟಿ ಬಂತು. ಕಾಫಿ ತೋಟದ ಲೈನ್ ಮನೆಯ, ಅಂದರೆ ಕೆಲಸಗಾರರ ಸಾಲು ಮನೆಯ ಹುಡುಗಿ. 'ಮಳೆ ಪ್ರಕೃತಿಯ ವರದಾನ. ಮಳೆ ಇಲ್ಲದಿದ್ದರೆ ಜೀವ ಇಲ್ಲ' ಅಂದಳು. ಅಲ್ಲಿಗೆ ಮಾತು ನಿಂತಿತು. ವೇಲಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತೇ ಇದ್ದಳು. ನಾನು ಕೇಳಿದೆ, "ಪುಟ್ಟಿ, ನಿಮ್ಮ ತೋಟದಲ್ಲಿ ಮಳೆ ಬಂದ್ರೆ ಏನಾಗುತ್ತೆ?"

"ಯಾವಾಗ ಮೇಡಂ? ಮಾರ್ಚಲ್ಲಾ, ಜನವರೀಲಾ?"

ಭಾಷಣ ಅಲ್ಲೇ ಸಿಕ್ಕಿಬಿಟ್ಟಿತು. ಮಾರ್ಚಿನಲ್ಲಿ ಎಲ್ಲರೂ ಆಕಾಶ ನೋಡುತ್ತಾ ಕಾಯುವುದು ಹೂ ಮಳೆಗೆ. ಅದು ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗೆ. ಅದೇ ಮಳೆ ಜನವರಿಯಲ್ಲಿ ಬಂದರೆ, ಕಣದಲ್ಲಿ ಒಣ ಹಾಕಿದ ಕಾಫಿ ಮುಚ್ಚಲು ಟಾರ್ಪಾಲು ಹಿಡಿದು ಮನೆಮಂದಿಯೆಲ್ಲ ಓಡಬೇಕು. ಇನ್ನು 2018ರ ಆಗಸ್ಟಿನ ಮಳೆ. ಗುಡ್ಡ ಜಾರಿದ ಆ ದಿನಗಳಲ್ಲಿ ಅವಳಿನ್ನೂ ಚಿಕ್ಕವಳು. ರಾತ್ರಿಯೆಲ್ಲ ಅಮ್ಮ ಮಲಗದೆ ಕೂತಿದ್ದು ಅವಳಿಗೆ ನೆನಪಿತ್ತು. ಒಂದೇ ಮಳೆ, ಮೂರು ತಿಂಗಳು, ಮೂರು ಮುಖ. ಮೂರು ನಿಮಿಷಕ್ಕೆ ಇದಕ್ಕಿಂತ ಹೆಚ್ಚು ಬೇಡ. ಒಂದೇ ವಸ್ತುವನ್ನು ಮೂರು ಹೊತ್ತಿನಲ್ಲಿ, ಇಲ್ಲವೇ ಮೂರು ಜನರ ಕಣ್ಣಲ್ಲಿ ನೋಡುವುದನ್ನು ಅಂದಿನಿಂದ ಎಲ್ಲ ಮಕ್ಕಳಿಗೂ ಹೇಳಿಕೊಡುತ್ತಿದ್ದೇನೆ.

ಕಂಡದ್ದು ನೆನಪಾದ ತಕ್ಷಣ ಕೊನೆಯ ವಾಕ್ಯ ಗಟ್ಟಿ ಮಾಡಿಕೊಳ್ಳಿ. ಮೊದಲನೆಯದಲ್ಲ, ಕೊನೆಯದು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವರಿಗೆ ನಡುವೆ ದಾರಿ ತಪ್ಪಿದರೂ ಭಯವಿಲ್ಲ. ಎಚ್ಚರಿಕೆಯ ಬೆಲ್ ಹೊಡೆದಾಗ ನೇರ ಅಲ್ಲಿಗೆ ಬರಬಹುದು. ಎಷ್ಟು ನಿಮಿಷ, ಬೆಲ್ ಯಾವಾಗ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಸ್ಪರ್ಧೆ ಶುರುವಾಗುವ ಮೊದಲೇ ಕೇಳಿ ತಿಳಿದುಕೊಳ್ಳಿ.

'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನಿಷ್ಪಕ್ಷಪಾತ ತೀರ್ಪು ನೀಡುವ ತೀರ್ಪುಗಾರರೇ' ಅಂತ ಶುರು ಮಾಡಿದರೆ ಅರ್ಧ ನಿಮಿಷ ಹೋಯಿತು. 'ಎಲ್ಲರಿಗೂ ನಮಸ್ಕಾರ' ಸಾಕು. ನೇರ ಕಣಕ್ಕೆ, ಟಾರ್ಪಾಲಿಗೆ ಬನ್ನಿ.

'ದೇಶಪ್ರೇಮ', 'ಶಿಸ್ತು' ಅನ್ನುವಂಥ ಚೀಟಿ ಬಂದಾಗ ಕೊಡಗಿನ ಮಕ್ಕಳ ಬಾಯಲ್ಲಿ ಮೊದಲು ಬರುವುದು ಸೇನೆಯನ್ನು ಮುನ್ನಡೆಸಿದ ಜನರಲ್‌ಗಳಾದ ಕಾರ್ಯಪ್ಪ, ತಿಮ್ಮಯ್ಯ. ಬರಲಿ, ನಮ್ಮವರೇ ಅಲ್ವಾ. ಆದರೆ ಸುಮ್ನೆ ಹೆಸರು ಹೇಳಿ ಮುಂದೆ ಓಡಬೇಡಿ, ಒಂದು ಸಂಗತಿಯಾದರೂ ಸರಿಯಾಗಿ ತಿಳಿದಿರಲಿ. 1949ರ ಜನವರಿ 15ರಂದು ಕಾರ್ಯಪ್ಪನವರು ಬ್ರಿಟಿಷ್ ಅಧಿಕಾರಿಯ ಕೈಯಿಂದ ಸೇನೆಯ ಹೊಣೆ ವಹಿಸಿಕೊಂಡರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರು. ಅದಕ್ಕೇ ಆ ದಿನ ಸೇನಾ ದಿನ. ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಈಗ ಮಡಿಕೇರಿಯಲ್ಲಿ ಮ್ಯೂಸಿಯಂ ಆಗಿದೆ. ಒಮ್ಮೆ ಹೋಗಿ ನೋಡಿ ಬಂದ ಮಗು, ಅಲ್ಲಿ ಕಂಡ ಒಂದೇ ಒಂದು ವಸ್ತುವಿನಿಂದ ಭಾಷಣ ಶುರು ಮಾಡಬಹುದು.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಕ್ಕಳು ಮನೆಯಲ್ಲಿ ಅರೆಭಾಷೆ, ಕೊಡವ ತಕ್ಕ್, ತುಳು, ಮಲಯಾಳ ಹೀಗೆ ಒಂದೊಂದು ಮಾತಾಡುತ್ತಾರೆ. ಒಮ್ಮೆ ಒಬ್ಬ ಹುಡುಗನ ಬಾಯಿಂದ ಅರೆಭಾಷೆಯ ಪದ ಬಂದು ಸಭೆಯಲ್ಲಿ ನಗು ಎದ್ದಿತು. ಅವನು ಮತ್ತೆ ವೇದಿಕೆ ಹತ್ತಲು ಒಂದು ವರ್ಷ ಬೇಕಾಯಿತು. ನನಗೆ ಈಗಲೂ ಅದರ ನೋವಿದೆ. ಮನೆಯ ಪದ ಬಂದರೆ ನಾಚಬೇಡಿ ಮಕ್ಕಳೇ. ಅದನ್ನು ಹೇಳಿ, ಪಕ್ಕದಲ್ಲೇ ಕನ್ನಡದ ಪದವನ್ನೂ ಹೇಳಿ. ಕೇಳುವವರಿಗೆ ಒಂದು ಹೊಸ ಪದ ಸಿಕ್ಕ ಹಾಗಾಯಿತು.

ನಡುವೆ ಮಾತು ನಿಂತುಹೋದರೆ? ಈಗಷ್ಟೇ ಹೇಳಿದ ವಾಕ್ಯವನ್ನೇ ನಿಧಾನವಾಗಿ ಇನ್ನೊಮ್ಮೆ ಹೇಳಿ, ಉಸಿರು ತೆಗೆದುಕೊಳ್ಳಿ. ಒತ್ತಿ ಹೇಳಿದಿರಿ ಅಂತಲೇ ಕೇಳುವವರು ತಿಳಿಯುತ್ತಾರೆ. ನಮ್ಮಲ್ಲಿ ಇನ್ನೊಂದು ಕಷ್ಟವಿದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆಗ ಕಿರುಚಬೇಡಿ. ಮೈಕಿಗೆ ಇನ್ನಷ್ಟು ಹತ್ತಿರ ಬನ್ನಿ, ವಾಕ್ಯ ಚಿಕ್ಕದು ಮಾಡಿ. ಮೈಕ್ ಇಲ್ಲದಿದ್ದರೆ ಒಂದು ಕ್ಷಣ ನಿಲ್ಲಿಸಿ, ತೀರ್ಪುಗಾರರನ್ನು ನೋಡಿ, "ಸರ್, ಮುಂದೆ ಬಂದು ಮಾತಾಡಲಾ?" ಅಂತ ಕೇಳಿ.

ಅಭ್ಯಾಸಕ್ಕೆ ಖರ್ಚೇನಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಖಾಲಿ ಬಿಸ್ಕತ್ತು ಡಬ್ಬಿ ಇದೆ, ತುಂಬಾ ಚೀಟಿ. ದಿನಾ ಪಾಠದ ಕೊನೆಯ ಐದು ನಿಮಿಷ ಇಬ್ಬರು ಎತ್ತುತ್ತಾರೆ. ಮೊದಲ ತಿಂಗಳು ಕೈಗೆ ಸಿಗುವ ವಸ್ತುಗಳು ಮಾತ್ರ. ಆಮೇಲೆ 'ಧೈರ್ಯ', 'ಸಮಯ' ಥರದವು. ಮಾತಾಡಿದ ಮಗುವಿಗೆ ಕ್ಲಾಸಿನವರು ತಪ್ಪು ಹೇಳುವ ಹಾಗಿಲ್ಲ, ತಮಗೆ ಕಣ್ಣಿಗೆ ಕಟ್ಟಿದ ಹಾಗಾದದ್ದು ಯಾವುದು ಅಂತ ಮಾತ್ರ ಹೇಳಬೇಕು. ಯಾರೂ ಏನೂ ಹೇಳದಿದ್ದರೆ ಆ ಮಗುವಿಗೇ ಗೊತ್ತಾಗುತ್ತದೆ.

ನೀವೂ ಸೋಮವಾರದಿಂದ ಶುರು ಮಾಡುವುದಾದರೆ ಮೊದಲ ಹತ್ತು ಚೀಟಿ ಇಲ್ಲೇ ಇದೆ: ಕೊಡೆ, ಜಿಗಣೆ, ಕೊನೆಯ ಬಸ್ಸು, ಕರಿಮೆಣಸಿನ ಏಣಿ, ಅಜ್ಜಿಯ ಪೆಟ್ಟಿಗೆ, ಆನೆ ದಾಟಿದ ದಾರಿ, ಹಾಕಿ ಸ್ಟಿಕ್, ಕರೆಂಟ್ ಹೋದ ರಾತ್ರಿ, ಹುತ್ತರಿಯ ಕದಿರು, ಒದ್ದೆ ಯೂನಿಫಾರಂ.