ನೋಂದಣಿ ತಂತ್ರಾಂಶವನ್ನು ಉಳಿದ ತಂತ್ರಾಂಶಗಳಿಗೆ ಜೋಡಿಸುವ ಬಗೆ: ಮೂರು ಬ್ಯಾಡ್ಜುಗಳ ಪಾಠ

ಒಬ್ಬರ ಹೆಸರಿಗೆ ಮೂರು ಬ್ಯಾಡ್ಜುಗಳು ಮುದ್ರಣವಾಗಿದ್ದವು. ಮೂರರಲ್ಲೂ ಅದೇ ಹೆಸರು, ಅದೇ ಹುದ್ದೆ, ಅದೇ ಕ್ಯೂಆರ್ ಕೋಡ್. ಆಕೆ ಮೂರನ್ನೂ ಇಸ್ಪೀಟೆಲೆಗಳಂತೆ ಬಿಡಿಸಿ ಹಿಡಿದು, "ನಾನು ಬಂದಿರುವುದು ಒಬ್ಬಳೇ" ಎಂದರು. ಹಿಂದೆ ಸರತಿಯಲ್ಲಿದ್ದವರು ನಕ್ಕರು. ಸಮ್ಮೇಳನದ ನೋಂದಣಿ ಮೇಜಿನ ಈಚೆ ನಿಂತಿದ್ದ ನನಗೆ ನಗು ಬರಲಿಲ್ಲ, ಏಕೆಂದರೆ ಆ ಜೋಡಣೆಯನ್ನು ಬರೆದವಳು ನಾನೇ.

ಆಗಿದ್ದು ಇಷ್ಟು. ಒಬ್ಬರ ಟಿಕೆಟ್ ಸ್ಕ್ಯಾನ್ ಆದ ಸುದ್ದಿ ಬಂದ ಕೂಡಲೇ ನನ್ನ ಪ್ರೋಗ್ರಾಂ ಬ್ಯಾಡ್ಜನ್ನು ಪ್ರಿಂಟರಿಗೆ ಕಳುಹಿಸುತ್ತಿತ್ತು, ಪ್ರಿಂಟ್ ಮುಗಿದ ಮೇಲೆ "ಸುದ್ದಿ ತಲುಪಿತು" ಎಂದು ಉತ್ತರಿಸುತ್ತಿತ್ತು. ಆ ಬೆಳಿಗ್ಗೆ ಪ್ರಿಂಟರ್ ತೆವಳುತ್ತಿತ್ತು. ಉತ್ತರ ಬಾರದ್ದನ್ನು ಕಂಡ ನೋಂದಣಿ ತಂತ್ರಾಂಶ ಅದೇ ಸುದ್ದಿಯನ್ನು ಮತ್ತೆ ಕಳುಹಿಸಿತು, ಇನ್ನೊಮ್ಮೆಯೂ ಕಳುಹಿಸಿತು. ನನ್ನ ಪ್ರೋಗ್ರಾಂ ಪ್ರತಿ ಸಲವೂ ಹೊಸ ಅತಿಥಿ ಬಂದರೆಂದೇ ನಂಬಿತು. ಎರಡೂ ಕಡೆಯ ತಂತ್ರಾಂಶಗಳು ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದವು. ತಪ್ಪಿದ್ದು ನಡುವೆ ನಾನು ಕಟ್ಟಿದ ಸೇತುವೆಯಲ್ಲಿ.

ಕಾರ್ಯಕ್ರಮದ ನೋಂದಣಿ ತಂತ್ರಾಂಶವನ್ನು ಸಿಆರ್‌ಎಂ (ಗ್ರಾಹಕರ ವಿವರ ಇಡುವ ತಂತ್ರಾಂಶ), ಇಮೇಲ್ ಪಟ್ಟಿ, ಬ್ಯಾಡ್ಜ್ ಪ್ರಿಂಟರ್, ಲೆಕ್ಕಪತ್ರದ ತಂತ್ರಾಂಶಗಳಿಗೆ ಜೋಡಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಂತಿ ಎಳೆಯುವುದು ಅರ್ಧ ದಿನದ ಕೆಲಸ. ಉಳಿದ ಸಮಯವೆಲ್ಲ ಹೋಗುವುದು, ಅದೇ ಸುದ್ದಿ ಎರಡು ಸಲ ಬಂದರೆ, ತಡವಾಗಿ ಬಂದರೆ, ಬಾರದೇ ಹೋದರೆ ಏನು ಮಾಡಬೇಕು ಎಂಬುದಕ್ಕೆ.

ಮೊದಲು ಕಾಗದ, ಆಮೇಲೆ ಕೀಬೋರ್ಡ್

ಒಂದು ಹಾಳೆಯಲ್ಲಿ ಪ್ರತಿ ಮಾಹಿತಿಯ ಎದುರೂ ಅದರ ಯಜಮಾನ ಯಾರೆಂದು ಬರೆಯಿರಿ. ಟಿಕೆಟ್ಟಿನ ಸ್ಥಿತಿ ನೋಂದಣಿ ತಂತ್ರಾಂಶದ್ದು. ಹುದ್ದೆ, ಸಂಸ್ಥೆ ಬಹುಶಃ ಸಿಆರ್‌ಎಂನದ್ದು. "ನನಗೆ ಮೇಲ್ ಕಳುಹಿಸಬೇಡಿ" ಎಂಬುದು ಇಮೇಲ್ ತಂತ್ರಾಂಶದ್ದು, ಅದನ್ನು ಬೇರಾರೂ ತಿದ್ದಕೂಡದು. ಒಂದು ಮಾಹಿತಿಗೆ ಇಬ್ಬರು ಯಜಮಾನರಾದರೆ ಒಬ್ಬರು ಬೆಳಿಗ್ಗೆ ಸರಿಪಡಿಸಿದ ಹೆಸರನ್ನು ಇನ್ನೊಬ್ಬರು ಸಂಜೆ ಹಳೆಯದಕ್ಕೇ ಮರಳಿಸುತ್ತಾರೆ, ಅತಿಥಿ ಮಾತ್ರ ಮೂರನೆಯ ಸಲ ಫೋನ್ ಮಾಡುತ್ತಾರೆ.

ಅದೇ ಹಾಳೆಯಲ್ಲಿ ಇನ್ನೊಂದು ಪ್ರಶ್ನೆ: ಇದು ಆ ಕ್ಷಣಕ್ಕೇ ತಲುಪಲೇಬೇಕೇ? ಬ್ಯಾಡ್ಜ್ ತಲುಪಲೇಬೇಕು. ಸಭಾಂಗಣದಲ್ಲಿ ಎಷ್ಟು ಜನರಿದ್ದಾರೆ ಎಂಬ ಎಣಿಕೆಯೂ ತಲುಪಬೇಕು. ಲೆಕ್ಕಪತ್ರಕ್ಕೆ ದಿನಕ್ಕೊಮ್ಮೆ ಹೋದರೂ ಯಾರಿಗೂ ಏನೂ ಆಗದು. ಎಲ್ಲವನ್ನೂ ರಿಯಲ್ ಟೈಮ್ ಮಾಡಬೇಕೆಂಬ ಹಟ ಮೇಲಧಿಕಾರಿಗಳದ್ದು. ಅದರ ಬೆಲೆ ತೆರುವವರು ಕಾರ್ಯಕ್ರಮದ ದಿನ ಲಾಗ್ (ತಂತ್ರಾಂಶದ ದಿನಚರಿ) ನೋಡುತ್ತ ಕೂರುವ ನಾವು.

ಯಾವ ಮಾಹಿತಿ ಹೋಗಬಾರದು ಎಂಬುದನ್ನೂ ಅಲ್ಲೇ ಗುರುತಿಸಿ. ಗಾಲಿಕುರ್ಚಿ ಬೇಕೆಂದು ಒಬ್ಬರು ಬರೆದ ಟಿಪ್ಪಣಿಗೆ ಮಾರಾಟ ವಿಭಾಗದ ಪಟ್ಟಿಯಲ್ಲಿ ಕೆಲಸವಿಲ್ಲ.

ಕೇಳುತ್ತಾ ಇರುವುದೋ, ಹೇಳಿಸಿಕೊಳ್ಳುವುದೋ

ದಾರಿಗಳು ಎರಡು. ಒಂದು, ಕೆಲವು ನಿಮಿಷಗಳಿಗೊಮ್ಮೆ ನಾವೇ ಹೋಗಿ "ಹೊಸತೇನಾದರೂ ಇದೆಯೇ" ಎಂದು ಎಪಿಐಯನ್ನು (ತಂತ್ರಾಂಶಗಳು ಪರಸ್ಪರ ಮಾತಾಡುವ ಕಿಂಡಿಯನ್ನು) ಕೇಳುವುದು, ಇದು ಪೋಲಿಂಗ್. ಇನ್ನೊಂದು, ಏನಾದರೂ ಆದಾಗ ಆ ತಂತ್ರಾಂಶವೇ ನಮ್ಮ ವಿಳಾಸಕ್ಕೆ ಒಂದು ಸಂದೇಶವನ್ನು ಪೋಸ್ಟ್ ಮಾಡುವುದು, ಇದು ವೆಬ್‌ಹುಕ್. ರಿಯಲ್ ಟೈಮ್ ಬೇಕಿದ್ದರೆ ವೆಬ್‌ಹುಕ್. ಝೇಪಿಯರ್‌ನಂಥ ಸಿದ್ಧ ಸೇತುವೆಯನ್ನು ಬಳಸುವವರು, ಆಯ್ದುಕೊಂಡ ಟ್ರಿಗರಿನ (ಕೆಲಸಕ್ಕೆ ಚಾಲನೆ ಕೊಡುವ ಘಟನೆಯ) ಪಕ್ಕದಲ್ಲಿ "ಇನ್‌ಸ್ಟಂಟ್" ಎಂಬ ಗುರುತಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅದು ಪೋಲಿಂಗ್, ಅತಿಥಿ ಬ್ಯಾಡ್ಜಿಗಾಗಿ ಮೇಜಿನ ಎದುರು ಕಾಯುತ್ತ ನಿಲ್ಲುತ್ತಾರೆ.

ವೆಬ್‌ಹುಕ್ ಆಯ್ಕೆ ಮಾಡುವಾಗ ಯಾವ ಯಾವ ಘಟನೆಗಳು ಬೇಕೆಂದು ಗುರುತು ಹಾಕಬೇಕಾಗುತ್ತದೆ. ಆರ್ಡರ್ ಆಯಿತು, ವಿವರ ಬದಲಾಯಿತು, ಚೆಕ್-ಇನ್ ಆಯಿತು, ಈ ಮೂರನ್ನು ಎಲ್ಲರೂ ಹಾಕುತ್ತಾರೆ. ಮರೆಯುವುದು ಹಣ ವಾಪಸಾತಿ ಮತ್ತು ಚೆಕ್-ಇನ್ ರದ್ದು. ಬಾಗಿಲಲ್ಲಿ ನಿಂತ ಸ್ವಯಂಸೇವಕರು ತಪ್ಪು ಟಿಕೆಟ್ ಸ್ಕ್ಯಾನ್ ಮಾಡಿ ಹಿಂದೆಗೆದುಕೊಳ್ಳುವುದು ನಿತ್ಯದ ಸಂಗತಿ. ಟಿಕೆಟ್ ಮಾರುವ ತಾಣ ಈವೆಂಟ್‌ಬ್ರೈಟ್‌ನಲ್ಲಿ ಇದಕ್ಕೆಂದೇ ಬೇರೆ ಘಟನೆ ಇದೆ. ಅದನ್ನು ಕೇಳಿಸಿಕೊಳ್ಳದಿದ್ದರೆ ನಿಮ್ಮ ಪಟ್ಟಿಯಲ್ಲಿ ಆ ಅತಿಥಿ ಮನೆಯಲ್ಲಿದ್ದರೂ ಸಭಾಂಗಣದಲ್ಲೇ ಕೂತಿರುತ್ತಾರೆ.

ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಕೆಲಸ ಮಾಡಿ

ಮೂರು ಬ್ಯಾಡ್ಜುಗಳ ಪರಿಹಾರ ಇದು. ಸಂದೇಶ ಬಂದ ಕೂಡಲೇ ಅದನ್ನು ಹಾಗೆಯೇ ಡೇಟಾಬೇಸಿನ ಒಂದು ಟೇಬಲ್ಲಿಗೆ ಹಾಕಿ, 200 ("ಸರಿ, ತಲುಪಿತು") ಎಂದು ಉತ್ತರ ಕೊಟ್ಟುಬಿಡಿ. ಪ್ರಿಂಟ್ ಮಾಡುವುದು, ಮೇಲ್ ಕಳುಹಿಸುವುದು, ಸಿಆರ್‌ಎಂ ತಿದ್ದುವುದು ಎಲ್ಲವನ್ನೂ ಹಿಂದಿನಿಂದ ಇನ್ನೊಂದು ಪ್ರೋಗ್ರಾಂ ಆ ಟೇಬಲ್ಲಿನಿಂದ ಒಂದೊಂದಾಗಿ ಎತ್ತಿಕೊಂಡು ಮಾಡಲಿ. ಕಳುಹಿಸುವವರಿಗೆ ತಾಳ್ಮೆ ಕಡಿಮೆ: ಗಿಟ್‌ಹಬ್ 10 ಸೆಕೆಂಡ್ ಕಾಯುತ್ತದೆ, ಶಾಪಿಫೈ 5, ಸ್ಲ್ಯಾಕ್ 3. ನಿಮ್ಮ ನೋಂದಣಿ ತಂತ್ರಾಂಶದ ಗಡುವು ಎಷ್ಟೆಂದು ಅದರ ಕೈಪಿಡಿಯಲ್ಲಿ ಹುಡುಕಿ. ಉತ್ತರ ಸಿಗದಿದ್ದಾಗ ಅದು ಏನು ಮಾಡುತ್ತದೆಂಬುದನ್ನೂ ಅಲ್ಲೇ ಓದಿ. ಸ್ಟ್ರೈಪ್ ಮೂರು ದಿನಗಳವರೆಗೂ ಬಿಡದೆ ಯತ್ನಿಸುತ್ತದೆ. ಗಿಟ್‌ಹಬ್ ತಾನಾಗಿ ಇನ್ನೊಮ್ಮೆ ಕಳುಹಿಸುವುದೇ ಇಲ್ಲ.

ಮರುಕಳಿಕೆಯನ್ನು ತಡೆಯಲು ಪ್ರತಿ ಸಂದೇಶದ ಗುರುತಿನ ಸಂಖ್ಯೆಯ ಮೇಲೆ ಯುನೀಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಲ ಸೇರದಂಥ ನಿಯಮ) ಹಾಕಿ. "ಇದು ಮೊದಲೇ ಬಂದಿದೆಯೇ ನೋಡು, ಇಲ್ಲದಿದ್ದರೆ ಸೇರಿಸು" ಎಂದು ನಾನು ಮೊದಲು ಬರೆದಿದ್ದೆ. ಒಂದೇ ಸಂದೇಶದ ಎರಡು ಪ್ರತಿಗಳು ಒಟ್ಟಿಗೆ ಬಂದಾಗ ಎರಡೂ ನೋಡಿದವು, ಎರಡಕ್ಕೂ ಏನೂ ಕಾಣಲಿಲ್ಲ, ಎರಡೂ ಸೇರಿದವು. ನೋಡುವ ಗೋಜಿಗೇ ಹೋಗಬೇಡಿ. ನೇರವಾಗಿ ಸೇರಿಸಲು ಯತ್ನಿಸಿ, ಎರಡನೆಯದನ್ನು ಡೇಟಾಬೇಸೇ ತಳ್ಳಿಹಾಕುತ್ತದೆ. ತಳ್ಳಿಹಾಕಿದಾಗಲೂ ಉತ್ತರ 200 ಎಂದೇ ಇರಲಿ, ಇಲ್ಲದಿದ್ದರೆ ಅವರು ಕಳುಹಿಸುತ್ತಲೇ ಇರುತ್ತಾರೆ.

ಬಾಗಿಲು ತಟ್ಟಿದ ಸದ್ದನ್ನು ನಂಬಿ, ಬಂದವರ ಮಾತನ್ನಲ್ಲ

ಈವೆಂಟ್‌ಬ್ರೈಟ್‌ನ ವೆಬ್‌ಹುಕ್ ಸಂದೇಶವನ್ನು ಮೊದಲ ಸಲ ತೆರೆದು ನೋಡಿದಾಗ ಬೈದುಕೊಂಡೆ. ಅದರಲ್ಲಿ ಅತಿಥಿಯ ಹೆಸರಿಲ್ಲ, ಇಮೇಲ್ ಇಲ್ಲ. ಯಾವ ಘಟನೆ, ಮತ್ತು ವಿವರ ಬೇಕಿದ್ದರೆ ಯಾವ ಎಪಿಐ ವಿಳಾಸಕ್ಕೆ ಹೋಗಿ ಕೇಳಬೇಕು, ಹೆಚ್ಚುಕಡಿಮೆ ಅಷ್ಟೇ. ಪ್ರತಿ ಸಲವೂ ಎರಡನೆಯ ಸುತ್ತು ಏಕೆ ಎಂಬುದು ನನ್ನ ಸಿಟ್ಟು. ಈಗ, ಪೂರ್ತಿ ವಿವರ ತುಂಬಿ ಕಳುಹಿಸುವ ತಂತ್ರಾಂಶಗಳೊಂದಿಗೂ ನಾನು ಹಾಗೆಯೇ ನಡೆದುಕೊಳ್ಳುತ್ತೇನೆ.

ಕಾರಣ, ಸಂದೇಶಗಳು ಹೊರಟ ಕ್ರಮದಲ್ಲೇ ತಲುಪುತ್ತವೆಂಬ ಖಾತ್ರಿಯಿಲ್ಲ. ಒಬ್ಬರು 10:02ಕ್ಕೆ ಹುದ್ದೆಯನ್ನು ತಿದ್ದಿ 10:03ಕ್ಕೆ ಟಿಕೆಟ್ ರದ್ದು ಮಾಡುತ್ತಾರೆ. ಮೊದಲ ಸಂದೇಶ ಎಲ್ಲೋ ಸಿಕ್ಕಿಕೊಂಡು 10:05ಕ್ಕೆ ಬರುತ್ತದೆ, ಅದರ ಒಳಗೆ "ಟಿಕೆಟ್ ಚಾಲ್ತಿಯಲ್ಲಿದೆ" ಎಂದಿರುತ್ತದೆ. ಅದನ್ನು ನಂಬಿದರೆ ರದ್ದಾದ ಟಿಕೆಟ್ ಮತ್ತೆ ಜೀವ ಪಡೆಯುತ್ತದೆ. ಸಂದೇಶವನ್ನು ಬರೀ ಬಾಗಿಲು ತಟ್ಟಿದ ಸದ್ದೆಂದು ತಿಳಿದು, ಮೂಲಕ್ಕೆ ಹೋಗಿ "ಈಗಿನ ಸ್ಥಿತಿ ಏನು" ಎಂದು ಕೇಳಿದರೆ ಯಾವ ಸಂದೇಶ ಯಾವಾಗ ಬಂದರೂ ಸಿಗುವುದು ಈಗಿನ ಉತ್ತರವೇ.

ಇಲ್ಲೊಂದು ಬಲೆ ಇದೆ. ಸಂದೇಶದಲ್ಲಿ ಬಂದ ವಿಳಾಸಕ್ಕೆ ನಿಮ್ಮ ರಹಸ್ಯ ಟೋಕನ್ (ಎಪಿಐ ಒಳಗೆ ಬಿಡುವ ಕೀಲಿ) ಹಿಡಿದುಕೊಂಡು ಕಣ್ಣುಮುಚ್ಚಿ ಹೋಗಬೇಡಿ. ನಿಮ್ಮ ವೆಬ್‌ಹುಕ್ ವಿಳಾಸ ತಿಳಿದ ಯಾರಾದರೂ ತಮ್ಮದೇ ಸರ್ವರಿನ ವಿಳಾಸ ಬರೆದು ಕಳುಹಿಸಿದರೆ ಟೋಕನ್ನನ್ನು ನೀವೇ ಅವರ ಕೈಗೆ ಕೊಟ್ಟಂತೆ. ವಿಳಾಸದ ಡೊಮೈನ್ ನಿಮ್ಮ ತಂತ್ರಾಂಶದ್ದೇ ಎಂದು ಪರೀಕ್ಷಿಸಿ. ಇನ್ನೂ ಒಳ್ಳೆಯದು, ಅದರಿಂದ ಗುರುತಿನ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು ವಿಳಾಸವನ್ನು ನೀವೇ ಕಟ್ಟಿಕೊಳ್ಳಿ.

ಸಂದೇಶದ ಜೊತೆಗೆ ಸಹಿ ಬರುವುದಾದರೆ ಅದನ್ನು ಪರೀಕ್ಷಿಸದೆ ಒಳಗೆ ಬಿಡಬೇಡಿ. ಸಾಮಾನ್ಯವಾಗಿ ಅದು ಎಸ್‌ಎಚ್‌ಎ-256 ಆಧರಿಸಿದ ಎಚ್‌ಮ್ಯಾಕ್: ನಿಮಗೂ ಅವರಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿಯಿಂದ ಇಡೀ ಸಂದೇಶದ ಮೇಲೆ ಮಾಡಿದ ಲೆಕ್ಕ. ಲೆಕ್ಕವನ್ನು ಬಂದ ಬೈಟುಗಳ ಮೇಲೆಯೇ ಮಾಡಬೇಕು. ನಿಮ್ಮ ಫ್ರೇಮ್‌ವರ್ಕ್ ಜೇಸನ್ (ಸಂದೇಶದ ಮಾಹಿತಿ ಬರೆಯುವ ಪಠ್ಯರೂಪ) ಬಿಡಿಸಿ ಮತ್ತೆ ಕಟ್ಟಿಕೊಟ್ಟರೆ ಒಂದು ಖಾಲಿ ಜಾಗ ಆಚೀಚೆಯಾದರೂ ಸಹಿ ಹೊಂದುವುದಿಲ್ಲ. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದಾಗ ಸರಿಯಿದ್ದ ಪರೀಕ್ಷೆ ಕನ್ನಡದ ಹೆಸರೊಂದು ಬಂದೊಡನೆ ಸೋಲುವುದೂ ಇದರಿಂದಲೇ: ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೆ 3 ಬೈಟ್, ಮರುಕಟ್ಟುವವರು ಅದನ್ನು ಬೇರೆ ರೂಪದಲ್ಲಿ ಬರೆದುಬಿಡುತ್ತಾರೆ. ಇದನ್ನು ಕಂಡುಹಿಡಿಯಲು ನನಗೆ ಒಂದಿಡೀ ರಾತ್ರಿ ಹಿಡಿಯಿತು.

ಒಂದು ಇಮೇಲ್, ಐದು ಜನ

ಇಮೇಲ್ ವಿಳಾಸವೇ ಮನುಷ್ಯನ ಗುರುತು ಎಂದು ಹಲವು ಸಿಆರ್‌ಎಂಗಳು ನಂಬಿವೆ. ಕಚೇರಿಯ ಸಹಾಯಕರೊಬ್ಬರು ತಮ್ಮ ತಂಡದ ಐವರಿಗೆ ಒಂದೇ ಆರ್ಡರಿನಲ್ಲಿ ಟಿಕೆಟ್ ಕೊಂಡು ಐದಕ್ಕೂ ತಮ್ಮದೇ ಇಮೇಲ್ ಕೊಡುತ್ತಾರೆ. ಜೋಡಣೆ ಮೊದಲನೆಯವರನ್ನು ಸೇರಿಸುತ್ತದೆ. ಎರಡನೆಯವರು ಬಂದಾಗ "ಈ ಇಮೇಲ್ ಆಗಲೇ ಇದೆ" ಎಂದು ಅದೇ ದಾಖಲೆಯ ಹೆಸರನ್ನು ಬದಲಿಸುತ್ತದೆ. ಹೀಗೇ ಐದು ಸಲ. ಕೊನೆಗೆ ಉಳಿಯುವುದು ಐದನೆಯವರ ಹೆಸರು ಹೊತ್ತ ಸಹಾಯಕರ ಇಮೇಲ್. ಎಲ್ಲೂ ದೋಷದ ಸೂಚನೆ ಇಲ್ಲ, ಲಾಗಿನ ತುಂಬ 200ಗಳು. ತಿಳಿದದ್ದು ನಾಲ್ವರು ಮೇಜಿನ ಎದುರು ಬಂದು ನಿಂತಾಗ.

ಆದ್ದರಿಂದ ಎರಡು ಕಾಲಮ್ಮುಗಳ ಒಂದು ಟೇಬಲ್ ನಿಮ್ಮ ಬಳಿಯೇ ಇರಲಿ. ಎಡಗಡೆ ನೋಂದಣಿ ತಂತ್ರಾಂಶ ಕೊಟ್ಟ ಅತಿಥಿಯ ಸಂಖ್ಯೆ (ಆರ್ಡರಿನದ್ದಲ್ಲ, ಅತಿಥಿಯದ್ದು), ಬಲಗಡೆ ಸಿಆರ್‌ಎಂನ ಸಂಖ್ಯೆ. ಗುರುತು ಹಿಡಿಯುವುದು ಈ ಜೋಡಿಯಿಂದ. ಇಮೇಲ್ ಬರೀ ಒಂದು ವಿವರ. ಅದು ಹೊಂದಿಕೆಯಾದರೂ ಹೆಸರು ಬೇರೆಯಿದ್ದರೆ ಯಂತ್ರ ತೀರ್ಮಾನಿಸುವುದು ಬೇಡ, ಬದಿಗಿರಿಸಿ ಒಬ್ಬ ಮನುಷ್ಯನಿಗೆ ತೋರಿಸಲಿ.

ಎರಡೂ ಕಡೆಗೆ ಮಾಹಿತಿ ಹರಿಯುವುದಿದ್ದರೆ ಇನ್ನೊಂದು ಎಚ್ಚರ. ನೀವು ಸಿಆರ್‌ಎಂ ತಿದ್ದಿದ್ದಕ್ಕೆ ಸಿಆರ್‌ಎಂ "ಬದಲಾಯಿತು" ಎಂದು ಕೂಗುತ್ತದೆ, ನೀವು ಅದನ್ನು ನೋಂದಣಿ ತಂತ್ರಾಂಶಕ್ಕೆ ಬರೆಯುತ್ತೀರಿ, ಅದೂ ಕೂಗುತ್ತದೆ. ಬಾವಿಯಲ್ಲಿ ಕೂಗಿದಂತೆ. ಬರೆಯುವ ಮುನ್ನ ಅಲ್ಲಿ ಈಗಾಗಲೇ ಇರುವುದರೊಂದಿಗೆ ಹೋಲಿಸಿ, ಒಂದೇ ಆಗಿದ್ದರೆ ಬರೆಯಬೇಡಿ. ಪ್ರತಿಧ್ವನಿ ಅಲ್ಲಿಗೇ ನಿಲ್ಲುತ್ತದೆ.

ಬಾಗಿಲು ಮುಚ್ಚಿದಾಗ

ಆಚೆಯ ಎಪಿಐ 429 ಎಂದರೆ "ಸ್ವಲ್ಪ ತಡೆ" ಎಂದರ್ಥ. ಎಷ್ಟು ತಡೆಯಬೇಕೆಂದು ಅದೇ ಹೇಳಿದರೆ ಅಷ್ಟು ತಡೆಯಿರಿ. ಹೇಳದಿದ್ದರೆ 1, 2, 4, 8 ಸೆಕೆಂಡ್ ಎಂದು ದುಪ್ಪಟ್ಟು ಮಾಡುತ್ತ, ನಡುವೆ ಒಂದಿಷ್ಟು ಯಾದೃಚ್ಛಿಕ ಅಂತರ ಬೆರೆಸಿ ಮತ್ತೆ ಯತ್ನಿಸಿ. 503 ("ಸೇವೆ ಸದ್ಯಕ್ಕಿಲ್ಲ") ಬಂದರೂ ಹಾಗೆಯೇ. 400 ಬಂದರೆ ನಿಮ್ಮ ಸಂದೇಶವೇ ತಪ್ಪು, ನೂರು ಸಲ ಕಳುಹಿಸಿದರೂ ತಪ್ಪೇ. ಆರು ಸಲ ಸೋತದ್ದನ್ನು ಪ್ರತ್ಯೇಕ ಟೇಬಲ್ಲಿಗೆ ಸರಿಸಿ, ಯಾರಿಗಾದರೂ ಸೂಚನೆ ಹೋಗುವಂತೆ ಮಾಡಿ. ಸಮಯವನ್ನೆಲ್ಲ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಉಳಿಸಿ, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ತಿರುಗಿಸಿ. ಬಾಗಿಲಲ್ಲಿ ನೆಟ್‌ವರ್ಕ್ ಹೋದಾಗ ಸ್ಕ್ಯಾನ್ ಆದವು ಒಂದು ಗಂಟೆಯ ನಂತರ ಒಟ್ಟಿಗೆ ಬರುತ್ತವೆ. ಬಂದ ಹೊತ್ತಲ್ಲ, ಸ್ಕ್ಯಾನ್ ಆದ ಹೊತ್ತು ಮುಖ್ಯ.

ಇಷ್ಟೆಲ್ಲ ಮಾಡಿದರೂ ಕೆಲವು ಸುದ್ದಿಗಳು ಬರುವುದೇ ಇಲ್ಲ. ಬಾರದ ಸುದ್ದಿಗೆ ಲಾಗ್ ಇರುವುದಿಲ್ಲ. ಅದಕ್ಕಾಗಿ ಪೋಲಿಂಗನ್ನು ಹಿಂಬಾಗಿಲಿನಿಂದ ಕರೆತನ್ನಿ: ಗಂಟೆಗೊಮ್ಮೆ "ಕಳೆದ 70 ನಿಮಿಷಗಳಲ್ಲಿ ಬದಲಾದದ್ದೆಲ್ಲ ಕೊಡು" ಎಂದು ಕೇಳಿ, ತಪ್ಪಿಹೋದದ್ದನ್ನು ಸೇರಿಸಿ. ಆ ಹೆಚ್ಚುವರಿ 10 ನಿಮಿಷ ಅಂಚಿನಲ್ಲಿ ಸಿಕ್ಕಿಬೀಳುವವುಗಳಿಗಾಗಿ. ಎರಡು ಸಲ ಸಿಕ್ಕಿದರೆ ತೊಂದರೆಯಿಲ್ಲ, ಮರುಕಳಿಕೆಗೆ ನಾವು ಆಗಲೇ ಸಿದ್ಧರಾಗಿದ್ದೇವೆ. ರಾತ್ರಿ ಎರಡೂ ಕಡೆಯ ಎಣಿಕೆಯನ್ನು ಟಿಕೆಟ್ ಬಗೆವಾರು ಹೋಲಿಸಿ, ವ್ಯತ್ಯಾಸವನ್ನು ನಿಮಗೇ ಮೇಲ್ ಮಾಡಿಕೊಳ್ಳಿ. ಸೊನ್ನೆ ಇದ್ದರೂ ಮೇಲ್ ಬರಲಿ, ಬಾರದ ದಿನ ಆ ಪ್ರೋಗ್ರಾಮೇ ಸತ್ತಿದೆ ಎಂದು ತಿಳಿಯುತ್ತದೆ.

ತಾಲೀಮು ಮಾಡುವಾಗ ಎಲ್ಲ ಸರಿಯಿದ್ದರೆ ನಡೆಯುತ್ತದೆಯೇ ಎಂದು ನೋಡುವುದು ಸಾಲದು. ಒಂದೇ ಸಂದೇಶವನ್ನು ಮೂರು ಸಲ ಕಳುಹಿಸಿ. ರದ್ದತಿಯನ್ನು ಆರ್ಡರಿಗಿಂತ ಮೊದಲು ಕಳುಹಿಸಿ. ನಿಮ್ಮ ಸರ್ವರನ್ನು ಐದು ನಿಮಿಷ ನಿಲ್ಲಿಸಿ, ಮತ್ತೆ ಎಬ್ಬಿಸಿದಾಗ ಏನೇನು ಬರುತ್ತದೆ ನೋಡಿ. ಹೆಸರಿನಲ್ಲಿ ಒಂದು ಇಮೋಜಿ ಹಾಕಿ: ಮೈಎಸ್‌ಕ್ಯುಎಲ್ ಡೇಟಾಬೇಸಿನ ಹಳೆಯ ಯುಟಿಎಫ್8 ಟೇಬಲ್ 3 ಬೈಟಿಗಿಂತ ದೊಡ್ಡದನ್ನು ಹಿಡಿಯಲಾರದು, ಹೆಚ್ಚಿನ ಇಮೋಜಿಗಳಿಗೆ 4 ಬೇಕು. ಇದೆಲ್ಲ ನಡೆಯುವಾಗ ಮೇಲ್ ಕಳುಹಿಸುವ ಕೊಂಡಿ ನಿಮ್ಮದೇ ವಿಳಾಸಕ್ಕೆ ತಿರುಗಿರಲಿ.

ಕಾರ್ಯಕ್ರಮ ಮುಗಿದ ಮರುದಿನ, ದಣಿವಿದ್ದರೂ, ಹೋಗಿ ವೆಬ್‌ಹುಕ್ಕುಗಳನ್ನು ಅಳಿಸಿ, ಟೋಕನ್ನುಗಳನ್ನು ರದ್ದು ಮಾಡಿ. ನಾನು ಒಂದನ್ನು ಹಾಗೇ ಬಿಟ್ಟಿದ್ದೆ. ಮರುವರ್ಷ ಅದೇ ಖಾತೆಯಲ್ಲಿ ಹೊಸ ಸಮ್ಮೇಳನದ ನೋಂದಣಿ ತೆರೆದಾಗ, ಮೊದಲು ಟಿಕೆಟ್ ಕೊಂಡವರಿಗೆಲ್ಲ ಹಳೆಯ ಸಮ್ಮೇಳನದ ಸ್ವಾಗತ ಪತ್ರ ಹೋಯಿತು, ಹಳೆಯ ದಿನಾಂಕದೊಂದಿಗೆ. ಅವರಲ್ಲೊಬ್ಬರು ಮೂರು ಬ್ಯಾಡ್ಜ್ ಹಿಡಿದು ನಿಂತಿದ್ದ ಆಕೆಯೇ. "ಈ ಸಲ ಒಂದೇ ಬಂದಿದೆ, ಆದರೆ ಹೋದ ವರ್ಷದ್ದು" ಎಂದು ಉತ್ತರ ಬರೆದಿದ್ದರು.