ಬೈಲಿ ಸೇತುವೆ ತಳ್ಳುವ ಮುಂಚೆ

ಪುಣೆಯ ದಿಘಿಯಲ್ಲಿ ಗ್ರೆಫ್ ಸೆಂಟರ್ ಇದೆ. ಗಡಿ ರಸ್ತೆ ಕಟ್ಟುವ ಬಿಆರ್‌ಓ ಸಂಸ್ಥೆಗೆ ಸೇರಿದವರು ತರಬೇತಿ ಪಡೆಯುವುದು ಇಲ್ಲೇ. ನಾನೂ ಇಲ್ಲೇ ಕಲಿತು ಸಿಕ್ಕಿಮ್‌ಗೆ ಹೋದೆ. ರಿಟೈರ್ ಆದ ಮೇಲೆ ಮತ್ತೆ ಇಲ್ಲಿಗೇ ಬಂದು ಮನೆ ಮಾಡಿದೆ. ಹೋದ ಭಾನುವಾರ ಟ್ರೇನಿಂಗಿಗೆ ಬಂದಿರುವ ಬಾಗಲಕೋಟೆಯ ಹುಡುಗನೊಬ್ಬ ಊಟಕ್ಕೆ ಬಂದಿದ್ದ. "ಕಾಕಾ, ಬೈಲಿ ಬ್ರಿಡ್ಜ್ ತಳ್ಳೂದು ಭಾಳ ತ್ರಾಸ ಏನ್ರಿ?" ಅಂತ ಕೇಳಿದ.

ಬೈಲಿ ಬ್ರಿಡ್ಜ್ ಅಂದರೆ ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಬೇಗ ಕಟ್ಟುವ ಸೇತುವೆ. ತಳ್ಳುವುದು ತ್ರಾಸಲ್ಲ. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕೆಜಿ. ಆರು ಜನ ಹೊರುತ್ತಾರೆ. ಕ್ರೇನ್ ಹೋಗದ ಕಡೆಯೂ ಸೇತುವೆ ಏಳುವುದು ಅದಕ್ಕೇ. ಪ್ಯಾನೆಲ್‌ಗಳನ್ನು ಪಿನ್ ಹೊಡೆದು ಜೋಡಿಸಿ, ಈಚೆ ದಡದಲ್ಲೇ ರೋಲರ್ ಮೇಲೆ ಸೇತುವೆ ಕಟ್ಟಿ, ಆಚೆ ದಡಕ್ಕೆ ತಳ್ಳುತ್ತೇವೆ. ಮುಂದೆ ಹಲಗೆ ಹಾಸದ ಹಗುರವಾದ ಮೂಗು. ಅದು ಆಚೆ ದಡ ಮುಟ್ಟುವವರೆಗೆ ಹಿಂದಿನ ಭಾರವೇ ಜಾಸ್ತಿ ಇರಬೇಕು. ಇಲ್ಲದಿದ್ದರೆ ಮುಗ್ಗರಿಸಿ ಹೊಳೆಗೆ ಬೀಳುತ್ತದೆ.

ನಿಜವಾದ ಕೆಲಸ ರೋಲರ್ ಕೂರಿಸುವುದರಲ್ಲಿದೆ. ಒಂದು ಮಳೆಗಾಲದಲ್ಲಿ ಎಡಗಡೆ ರೋಲರ್ ಕೆಳಗಿನ ಮಣ್ಣಿಗೆ ದಮ್ಮಸು ಹೊಡೆದದ್ದು ನಾನೇ. ಕತ್ತಲಾಗುತ್ತಿತ್ತು, ಅವಸರ ಮಾಡಿದೆ. ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಮೂಗು ಹೊಳೆಯ ನಡುವೆ ಹೋದಾಗ ಆ ರೋಲರ್ ಎರಡು ಬೆರಳು ಕುಸಿಯಿತು. ಇಲ್ಲಿ ಎರಡು ಬೆರಳು, ಆಚೆ ತುದಿಯಲ್ಲಿ ಒಂದು ಮೊಳ ವಾಲಿತು. "ರುಕೋ!" ಅಂತ ಯಾರೋ ಕೂಗಿದರು. ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತೆವು. ಹಳದಿ ನೀರು ಕೆಳಗೆ ಬಂಡೆಗಳನ್ನೇ ಉರುಳಿಸಿಕೊಂಡು ಹೋಗುತ್ತಿತ್ತು.

ಮೆಲ್ಲಗೆ ಹಿಂದಕ್ಕೆ ಎಳೆದೆವು. ಗಟ್ಟಿ ನೆಲ ಸಿಗುವವರೆಗೆ ಅಗೆದು, ಕಲ್ಲು ತುಂಬಿ, ಮೇಲೆ ದಪ್ಪ ಮರದ ದಿಮ್ಮಿ ಹಾಸಿದೆವು. ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿದೆವು. ಅದಕ್ಕೇ ಮಧ್ಯಾಹ್ನವಾಯಿತು. ಆಮೇಲೆ ತಳ್ಳಿದ್ದು ಒಂದೇ ಗಂಟೆ. ಆಚೆ ದಡದಲ್ಲಿ ಎರಡು ದಿನದಿಂದ ಸಿಕ್ಕಿಕೊಂಡಿದ್ದ ಹೆಂಗಸೊಬ್ಬರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೊದಲು ದಾಟಿ ಬಂದರು.

2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಸೇನೆಯ ಎಂಜಿನಿಯರ್ ಪಡೆಯಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನವರು 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು, ನೆನಪಿದೆ ಅಲ್ವಾ? ಟಿವಿಯಲ್ಲಿ ಎಲ್ಲರೂ ಸೇತುವೆ ನೋಡಿದರು. ನನ್ನ ಕಣ್ಣು ಮಾತ್ರ ಅದು ಕೂತಿದ್ದ ಕೆಸರು ದಡದ ಮೇಲೇ ಇತ್ತು.

ಹುಡುಗ ಹೊರಡುವಾಗ ನನ್ನ ಹಳೇ ರಸಮಟ್ಟವನ್ನು ಅವನ ಕೈಗೆ ಕೊಟ್ಟೆ. ಅಲ್ಲೇ ಹೊಸ್ತಿಲ ಮೇಲಿಟ್ಟು, ಬಗ್ಗಿ ಗುಳ್ಳೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿದ.